ಫೇಲ್ ಮಾಡಿ, ಆದರೆ ಯಾಕೆ ಅಂತ ಬರೆದು ಕೊಡಿ: ಸಾರಿಗೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರಿಗೆ,

ನಮಸ್ಕಾರ.

ಡ್ರೈವಿಂಗ್ ಟೆಸ್ಟ್‌ನಲ್ಲಿ ಫೇಲಾದವರು ನಿಮಗೆ ಪತ್ರ ಬರೆದರೆ ಅದು ಯಾವ ಫೈಲಿಗೆ ಹೋಗುತ್ತದೆ ಅಂತ ನನಗೆ ಅಂದಾಜಿದೆ. 'ಹೇಗಾದರೂ ಪಾಸ್ ಮಾಡಿಸಿ' ಅನ್ನುವವರ ಫೈಲು. ದಯವಿಟ್ಟು ಇದನ್ನು ಅಲ್ಲಿಗೆ ಹಾಕಬೇಡಿ. ಪಾಸ್ ಮಾಡಿ ಅಂತ ನಾನು ಕೇಳುತ್ತಿಲ್ಲ. ಯಾಕೆ ಫೇಲ್ ಮಾಡಿದಿರಿ ಅಂತ ಒಂದು ಕಾಗದದಲ್ಲಿ ಬರೆದು ಕೊಡಿ ಅಂತ ಕೇಳುತ್ತಿದ್ದೇನೆ. ನಮ್ಮ ಆರ್‌ಟಿಒ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿದೆ, ಆಮೇಲೆ ಅರ್ಜಿ ಬರೆದು ಕೇಳಿದೆ. ಸಿಗಲಿಲ್ಲ. ಅದಕ್ಕೇ ಈಗ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಲವತ್ತು ದಾಟಿದೆ, ಹಾಗಾಗಿ ಡಾಕ್ಟರ ಹತ್ತಿರ ಫಾರ್ಮ್ 1ಎ, ಅಂದರೆ ಮೆಡಿಕಲ್ ಸರ್ಟಿಫಿಕೇಟು, ಬರೆಸಿಕೊಂಡೇ ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸಿಗೆ) ಅರ್ಜಿ ಹಾಕಿದವಳು. ಶಾಲೆ ಇರುವ ಊರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಸ್ಪೆಷಲ್ ಕ್ಲಾಸ್ ಇಟ್ಟುಕೊಂಡ ದಿನ ಯಾರದಾದರೂ ಬೈಕಿನ ಹಿಂದೆ ಕೂರಬೇಕು. ಮನೆಯಲ್ಲಿ ಹಳೆಯ ಆಲ್ಟೊ ಸುಮ್ನೆ ನಿಂತಿತ್ತು. ಎಲ್ ಬೋರ್ಡ್ ಅಂಟಿಸಿ, ಲೈಸೆನ್ಸ್ ಇರುವ ನನ್ನ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿತೆ. ಡ್ರೈವಿಂಗ್ ಸ್ಕೂಲಿಗೆ ಸೇರಲಿಲ್ಲ. ಸ್ವಂತ ಕಾರಿಗೆ ಲೈಸೆನ್ಸ್ ಮಾಡಿಸುವವರು ಸ್ಕೂಲಿಗೆ ಸೇರಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಆದರೆ ಟೆಸ್ಟ್ ದಿನ ಎಲ್ಲರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಯಾವ ಸ್ಕೂಲು ಮೇಡಂ?"

ನಮ್ಮಲ್ಲಿ ಟೆಸ್ಟ್ ನಡೆಯುವುದು ಕಚೇರಿಯ ಹಿಂದಿನ ರಸ್ತೆಯಲ್ಲಿ. ಒಂದು ಕಡೆ ಚರಂಡಿಯ ಚಪ್ಪಡಿ. ಇನ್ನೊಂದು ಕಡೆ ಸೀಜ್ ಮಾಡಿ ತಂದು ನಿಲ್ಲಿಸಿದ ಆಟೊ, ಟೆಂಪೊಗಳು. ನಡುವೆ ಉಳಿದಿದ್ದೇ ರಸ್ತೆ. ಇನ್‌ಸ್ಪೆಕ್ಟರ್ ಪಕ್ಕದ ಸೀಟಿಗೆ ಬಂದು ಕೂತರು. ತೊಡೆಯ ಮೇಲೆ ಟ್ಯಾಬ್, ಕಿವಿಯಲ್ಲಿ ಫೋನು. ನಾನು ಸೀಟು ಮುಂದಕ್ಕೆ ಎಳೆದುಕೊಂಡೆ, ಬೆಲ್ಟ್ ಹಾಕಿದೆ, ಹಿಂದಿನ ಗಾಜು ಪೂರ್ತಿ ಕಾಣುವ ಹಾಗೆ ಒಳಗಿನ ಕನ್ನಡಿ ತಿರುಗಿಸಿದೆ. "ಮೇಕಪ್ ಆಮೇಲೆ ಮಾಡ್ಕೊಳ್ಳಿ ಮೇಡಂ, ಮೊದ್ಲು ಗಾಡಿ ತೆಗೀರಿ" ಅಂದರು.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರದ್ದು. ಅದರಲ್ಲಿ 15ನೇ ನಿಯಮ ಡ್ರೈವಿಂಗ್ ಟೆಸ್ಟ್‌ಗೆ ಸಂಬಂಧಿಸಿದ್ದು. ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕು ಅಂತ ಇಪ್ಪತ್ತಕ್ಕೂ ಜಾಸ್ತಿ ಅಂಶಗಳ ಪಟ್ಟಿ ಅಲ್ಲಿದೆ. ಅದರ ಮೊಟ್ಟಮೊದಲ ಅಂಶ ಯಾವುದು ಗೊತ್ತಾ? ಹಿಂದೆ ನೋಡುವ ಕನ್ನಡಿಯನ್ನು ಸರಿಮಾಡಿಕೊಳ್ಳುವುದು.

ಇರಲಿ, ಮೇಕಪ್ ಮಾತನ್ನು ನುಂಗಿಕೊಂಡೆ. ಗಾಡಿ ತೆಗೆದೆ. ಫಸ್ಟ್, ಸೆಕೆಂಡ್, ಹಂಪ್ ದಾಟಿದ ಮೇಲೆ ಥರ್ಡ್. ತಿರುವಿಗೆ ಮುಂಚೆ ಇಂಡಿಕೇಟರ್ ಹಾಕಿ ಮತ್ತೆ ಸೆಕೆಂಡಿಗೆ ಬಂದೆ. ತಿರುಗಿದ ಕೂಡಲೇ ಒಬ್ಬ ಅಜ್ಜ ಎಳನೀರಿನ ತಳ್ಳುಗಾಡಿ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ನಿಲ್ಲಿಸಿದೆ. ಅವರ ಗಾಡಿಯ ಮುಂದಿನ ಚಕ್ರ ಎರಡು ಚಪ್ಪಡಿಗಳ ಸಂದಿಗೆ ಸಿಕ್ಕಿಕೊಂಡಿತು. ಅಜ್ಜ ಒಮ್ಮೆ ಹಿಂದಕ್ಕೆ ಎಳೆದರು, ಎರಡು ಎಳನೀರು ಕೆಳಗೆ ಉರುಳಿದವು, ಬಗ್ಗಿ ಎತ್ತಿಕೊಂಡರು. ನಾನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು ಕಾಯುತ್ತಿದ್ದೆ. ಪಕ್ಕದಿಂದ, "ಹಾರ್ನ್ ಹೊಡೆದು ಸೈಡಲ್ಲಿ ಹೋಗ್ತಾ ಇರ್ಬೇಕು. ಹಿಂಗೆ ನಿಂತ್ರೆ ಆಗುತ್ತಾ? ಇಳೀರಿ."

ಕಾರು ಆಫ್ ಆಗಿರಲಿಲ್ಲ. ಹಿಂದಕ್ಕೆ ಜಾರಿರಲಿಲ್ಲ. ಯಾರಿಗೂ, ಯಾವುದಕ್ಕೂ ತಾಗಿರಲಿಲ್ಲ. ರಿವರ್ಸ್ ಹಾಕಿ ತೋರಿಸಿ ಅಂತ ಕೇಳಲೂ ಇಲ್ಲ. "ಏನು ತಪ್ಪಾಯ್ತು ಸಾರ್?" ಅಂದೆ. "ಕಾನ್ಫಿಡೆನ್ಸ್ ಇಲ್ಲ ನಿಮಗೆ." "ಹಾಗಾದ್ರೆ ಅದನ್ನೇ ಬರೆದು ಕೊಡಿ ಸಾರ್." "ಬರೆದುಗಿರೆದು ಕೊಡೋ ಪದ್ಧತಿ ಇಲ್ಲಮ್ಮ, ಮೆಸೇಜ್ ಬರುತ್ತೆ." ಮೆಸೇಜ್ ಬಂತು. ಫೇಲ್ ಅಂತ ಇತ್ತು. ಮುಂದೆ ಏನೂ ಇರಲಿಲ್ಲ.

ಅದೇ 15ನೇ ನಿಯಮದ ಪಟ್ಟಿಯಲ್ಲಿ ಇನ್ನೂ ಏನಿದೆ ಹೇಳುತ್ತೇನೆ. ಪಾದಚಾರಿಗಳು ಏನು ಮಾಡಬಹುದು ಅಂತ ಮೊದಲೇ ಅಂದಾಜು ಮಾಡಿ ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕು. ಪೊಲೀಸು, ಸಿಗ್ನಲ್ಲು ಎರಡೂ ಇಲ್ಲದ ದಾಟುಪಟ್ಟಿಯಲ್ಲಿ ದಾಟುವವರಿಗೆ ಮೊದಲು ದಾರಿ ಬಿಡಬೇಕು. ರಸ್ತೆಯಲ್ಲಿರುವ ಬೇರೆಯವರ ಜೊತೆ ಸೌಜನ್ಯದಿಂದ ಇರಬೇಕು. ಅಜ್ಜ ದಾಟಿದ ಜಾಗದಲ್ಲಿ ಬಿಳಿಪಟ್ಟೆ ಬಳಿದಿರಲಿಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದು. ನಿಜ, ಬಳಿದಿರಲಿಲ್ಲ. ನಮ್ಮ ಊರಲ್ಲಿ ಎಲ್ಲಿ ಬಳಿದಿದ್ದಾರೆ ಹೇಳಿ!

ನೂರಾರು ಮಕ್ಕಳನ್ನು ಫೇಲ್ ಮಾಡಿದವಳು ನಾನು, ಹಾಗಾಗಿ ಇದನ್ನು ಇನ್ನೊಂದು ಕಡೆಯಿಂದಲೂ ನೋಡಬಲ್ಲೆ. ಎಸ್‌ಎಸ್‌ಎಲ್‌ಸಿ ವ್ಯಾಲ್ಯುಯೇಷನ್‌ಗೆ ಹೋದಾಗ ಒಂದೊಂದು ಲೆಕ್ಕಕ್ಕೂ ಹಂತ ಹಂತವಾಗಿ ಅಂಕ ಹಾಕುತ್ತೇವೆ. ಸೂತ್ರ ಬರೆದಿದ್ದರೆ ಇಷ್ಟು, ಬೆಲೆ ಹಾಕಿದ್ದರೆ ಇಷ್ಟು, ಉತ್ತರಕ್ಕೆ ಇಷ್ಟು. ಫೇಲಾದ ಹುಡುಗ ದುಡ್ಡು ಕಟ್ಟಿ ತನ್ನ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು. ಮರುಮೌಲ್ಯಮಾಪನಕ್ಕೆ ಹಾಕಬಹುದು. ಅವನಪ್ಪ ಆ ಪ್ರತಿ ಹಿಡಿದುಕೊಂಡು ಬಂದು "ಟೀಚರ್, ಇಲ್ಲಿ ಯಾಕೆ ಸೊನ್ನೆ?" ಅಂತ ಕೇಳಿದ್ದೂ ಇದೆ. ಕೇಳಿದಾಗ ನಾನು "ನಿಮ್ಮ ಮಗನಿಗೆ ಕಾನ್ಫಿಡೆನ್ಸ್ ಇಲ್ಲ" ಅಂದಿದ್ದರೆ ಬಿಇಒ ಆಫೀಸಿನಿಂದ ನನಗೆ ನೋಟಿಸ್ ಬರುತ್ತಿತ್ತು.

ಈಗ ಕಾನೂನಿಗೆ ಬರುತ್ತೇನೆ. ಇದನ್ನು ನಿಮಗೆ ಹೇಳಿಕೊಡುವ ಅಗತ್ಯ ಇಲ್ಲ, ಓದುತ್ತಿರುವ ಉಳಿದವರಿಗಾಗಿ ಬರೆಯುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆ 1988ರ 9ನೇ ಸೆಕ್ಷನ್ ಪ್ರಕಾರ, ಟೆಸ್ಟ್‌ನಲ್ಲಿ ಪಾಸಾಗದವರು 7 ದಿನ ಕಳೆದ ಮೇಲೆ ಮತ್ತೆ ಬರಬಹುದು. ಮೂರು ಸಲವೂ ಆಗಲಿಲ್ಲ ಅಂದರೆ ಕೊನೆಯ ಟೆಸ್ಟ್‌ನಿಂದ 60 ದಿನ ಕಾಯಬೇಕು. 2019ರ ತಿದ್ದುಪಡಿ ಇದಕ್ಕೆ ಇನ್ನೊಂದು ಮಾತು ಸೇರಿಸಿತು: ಅಂಥವರು ಡ್ರೈವಿಂಗ್ ಸ್ಕೂಲಿನಲ್ಲಿ ಪರಿಹಾರ ತರಬೇತಿ ಪಡೆಯಬೇಕು. ಒಳ್ಳೆಯ ವಿಚಾರವೇ. ನಾವೂ ಶಾಲೆಯಲ್ಲಿ ಪರಿಹಾರ ಬೋಧನೆ ಮಾಡುತ್ತೇವೆ. ಮಾಡುವ ಮೊದಲು ಮಗುವಿಗೆ ಬರದೇ ಇರುವುದು ಭಾಗಾಕಾರವೋ ಭಿನ್ನರಾಶಿಯೋ ಅಂತ ನೋಡುತ್ತೇವೆ. ತಪ್ಪು ಯಾವುದು ಅಂತಲೇ ಗೊತ್ತಿಲ್ಲದವರಿಗೆ ಡ್ರೈವಿಂಗ್ ಸ್ಕೂಲಿನವರು ಯಾವ ಪಾಠ ಮಾಡಬೇಕು? ಮತ್ತೆ ಕ್ಲಚ್‌ನಿಂದಲೇ ಶುರು ಮಾಡಿ ಮತ್ತೆ ಪೂರ್ತಿ ಫೀಸು ತೆಗೆದುಕೊಳ್ಳುತ್ತಾರೆ, ಅಷ್ಟೇ ಅಲ್ವಾ?

ಅದೇ ಕಾಯ್ದೆಯ 17ನೇ ಸೆಕ್ಷನ್ ಇನ್ನೂ ಮುಖ್ಯವಾದದ್ದು. ಲೈಸೆನ್ಸ್ ಕೊಡಲು ನಿರಾಕರಿಸಿದರೆ ಅದನ್ನು ಆದೇಶದ ರೂಪದಲ್ಲಿ ತಿಳಿಸಬೇಕು, ಕಾರಣಗಳನ್ನು ಲಿಖಿತವಾಗಿ ಕೊಡಬೇಕು. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನನಗೆ ಆದೇಶವೇ ಬಂದಿಲ್ಲ. 30 ದಿನವನ್ನು ಯಾವತ್ತಿನಿಂದ ಎಣಿಸಲಿ? ಟೆಸ್ಟ್‌ನಲ್ಲಿ ಫೇಲ್ ಮಾಡುವುದು ಲೈಸೆನ್ಸ್ ನಿರಾಕರಿಸಿದಂತೆ ಅಲ್ಲ, ಇನ್ನೊಂದು ಸಲ ಬನ್ನಿ ಅಂದಂತೆ ಅಷ್ಟೇ, ಅಂತ ನಿಮ್ಮ ಕಚೇರಿಯವರು ವಾದ ಮಾಡಬಹುದು. ಆ ಜಗಳ ವಕೀಲರಿಗಿರಲಿ. ಮನೆಯಲ್ಲಿ ಕೂತವರಿಗೆ ಎರಡರಲ್ಲೂ ಕೈಯಲ್ಲಿ ಲೈಸೆನ್ಸ್ ಇರುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿ ಅಂತ ಸಹೋದ್ಯೋಗಿಗಳು ಹೇಳಿದರು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅದನ್ನೂ ಹಾಕಿದ್ದೇನೆ. ಉತ್ತರ ಕೊಡಲು 30 ದಿನದ ಗಡುವು ಇದೆ. ಮತ್ತೆ ಟೆಸ್ಟ್‌ಗೆ ಬರಲು 7 ದಿನ ಸಾಕು. ಎಲ್‌ಎಲ್ ಇರುವುದು 6 ತಿಂಗಳು ಮಾತ್ರ, ಹಾಗಾಗಿ ಉತ್ತರ ಬರುವ ತನಕ ಕಾದು ಕೂರುವ ಧೈರ್ಯ ಜನಕ್ಕೆ ಬರುವುದಿಲ್ಲ. ಹಿಂದಿನ ಸಲ ಯಾಕೆ ಫೇಲಾದೆವು ಅಂತ ಗೊತ್ತಾಗುವ ಮೊದಲೇ ಮುಂದಿನ ಟೆಸ್ಟ್ ಮುಗಿದಿರುತ್ತದೆ.

ಸರ್ಕಾರದ ಫೀಸಿನ ಬಗ್ಗೆ ನನಗೆ ದೂರಿಲ್ಲ. ಒಂದು ವರ್ಗದ ವಾಹನಕ್ಕೆ ಟೆಸ್ಟ್‌ಗೆ 300 ರೂಪಾಯಿ, ಮರುಟೆಸ್ಟ್‌ಗೂ ಅಷ್ಟೇ. ಖರ್ಚಾಗುವುದು ಬೇರೆ ಕಡೆ. ಸಾರಥಿ ವೆಬ್‌ಸೈಟಿನಲ್ಲಿ ಟೆಸ್ಟ್‌ಗೆ ಸ್ಲಾಟ್ ಸಿಗುವ ದಿನ ಶಾಲೆಗೆ ರಜೆ ಹಾಕಬೇಕು. ಲೈಸೆನ್ಸ್ ಇರುವವರು ಒಬ್ಬರು ತಮ್ಮ ಕೆಲಸ ಬಿಟ್ಟು ಜೊತೆಗೆ ಬರಬೇಕು. ದಿನಗೂಲಿಯವರಾದರೆ ಒಂದು ದಿನದ ಕೂಲಿಯೇ ಹೋಯಿತು. ಹೀಗೆ ಎರಡು ಸಲ ಆದ ಮೇಲೆ ಯಾರಿಗಾದರೂ ಅನ್ನಿಸುತ್ತದೆ, ಸ್ಕೂಲಿನವರ ಕೈಯಲ್ಲೇ ಕೊಟ್ಟುಬಿಡೋಣ ಅಂತ.

ಅವತ್ತು ನನ್ನ ಮುಂದೆ ಇದ್ದ ಹುಡುಗ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬಂದಿದ್ದ. ಆ ಕಾರುಗಳಲ್ಲಿ ಪಕ್ಕದ ಸೀಟಿನ ಕೆಳಗೂ ಕ್ಲಚ್, ಬ್ರೇಕ್ ಇರುತ್ತವೆ. ಅಲ್ಲಿ ಕೂತಿದ್ದವರು ಸ್ಕೂಲಿನ ಮಾಸ್ಟರು. ಇನ್‌ಸ್ಪೆಕ್ಟರ್ ಹೊರಗೆ ನೆರಳಿನಲ್ಲಿ ನಿಂತಿದ್ದರು. ಕಾರು ಫಸ್ಟ್ ಗೇರಿನಲ್ಲೇ ಹಂಪ್ ತನಕ ಹೋಗಿ ನಿಂತಿತು. ಪಾಸ್. ಹುಡುಗನ ಮುಖದಲ್ಲಿ ಖುಷಿಗಿಂತ ಆಶ್ಚರ್ಯವೇ ಜಾಸ್ತಿ ಇತ್ತು. ಯಾರೋ ಯಾರಿಗೋ ದುಡ್ಡು ಕೊಟ್ಟರು ಅಂತ ನಾನು ಹೇಳುತ್ತಿಲ್ಲ. ನಾನು ನೋಡಿಲ್ಲ, ನೋಡದ್ದನ್ನು ಬರೆಯುವುದಿಲ್ಲ. ಆದರೆ ಎದುರಿನ ಟೀ ಅಂಗಡಿಯವನು, "ಸ್ಕೂಲ್ ಥ್ರೂ ಬಂದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ರಿ ಮೇಡಂ" ಅಂದ. ಅವನು ದಿನಾ ನೋಡುತ್ತಾನೆ.

ಇದು ನನ್ನ ಊರಿನ ಕಥೆ ಮಾತ್ರ ಆಗಿದ್ದರೆ ಬಿಡಬಹುದಿತ್ತು. ದೆಹಲಿಯಲ್ಲಿ ಲೈಸೆನ್ಸ್ ಹೇಗೆ ಸಿಗುತ್ತದೆ ಅಂತ ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಜೊತೆಯವರು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. 822 ಅಭ್ಯರ್ಥಿಗಳ ಬೆನ್ನು ಹತ್ತಿ ನೋಡಿದ್ದರು. ಲೈಸೆನ್ಸ್ ಪಡೆದವರಲ್ಲಿ ನೂರಕ್ಕೆ 71 ಜನ ಟೆಸ್ಟ್ ಕೊಟ್ಟೇ ಇರಲಿಲ್ಲ. ಅಧ್ಯಯನ ಮಾಡಿದವರು ತಾವೇ ಬೇರೆ ಟೆಸ್ಟ್ ಇಟ್ಟು ನೋಡಿದಾಗ ನೂರಕ್ಕೆ 62 ಜನಕ್ಕೆ ಓಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಏಜೆಂಟ್ ಇಲ್ಲದೆ ನೇರವಾಗಿ ಹೋದವರು, ಚೆನ್ನಾಗಿ ಓಡಿಸುತ್ತಿದ್ದರೂ, ಫೇಲಾಗುವುದು ಜಾಸ್ತಿ. ಆ ಫೇಲ್ ಜನರನ್ನು ಏಜೆಂಟರ ಕಡೆಗೆ ತಳ್ಳುತ್ತದೆ. ಹಳೆಯ ಅಧ್ಯಯನ, ಬೇರೆ ರಾಜ್ಯದ್ದು, ಈಗ ಎಲ್ಲ ಆನ್‌ಲೈನ್ ಆಗಿದೆ ಅಂತ ನೀವು ಅನ್ನಬಹುದು. ಅರ್ಜಿ ಆನ್‌ಲೈನ್ ಆಗಿದೆ, ನಿಜ. ರಸ್ತೆಯ ಮೇಲಿನ ಆ ಎರಡು ನಿಮಿಷ ಇನ್ನೂ ಆಗಿಲ್ಲ.

ಇನ್‌ಸ್ಪೆಕ್ಟರ್ ಮೇಲೆ ನನಗೆ ದ್ವೇಷ ಇಲ್ಲ. ಅವತ್ತು ಸಾಲು ಕಾಂಪೌಂಡ್ ದಾಟಿ ಹೋಗಿತ್ತು. ಅವರೊಬ್ಬರೇ. ಡಿಎಲ್ ಟೆಸ್ಟ್ ಮುಗಿಸಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಬಂದ ಲಾರಿಗಳನ್ನು ನೋಡಬೇಕಿತ್ತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಆ ಪಟ್ಟಿಯ ಇಪ್ಪತ್ತಕ್ಕೂ ಜಾಸ್ತಿ ಅಂಶಗಳನ್ನು ಒಬ್ಬೊಬ್ಬರ ಹತ್ತಿರವೂ ನೋಡುತ್ತಾ ಕೂತರೆ ಆ ಸಾಲು ಸಂಜೆಯಾದರೂ ಕರಗುತ್ತಿರಲಿಲ್ಲ. ಹಾಗಾಗಿ ಅವರು ಮುಖ ನೋಡಿ ತೀರ್ಮಾನ ಮಾಡುತ್ತಾರೆ. ನಲವತ್ತು ದಾಟಿದ, ಸೀರೆ ಉಟ್ಟ, ಅಜ್ಜನಿಗಾಗಿ ಕಾರು ನಿಲ್ಲಿಸಿದ ಹೆಂಗಸಿನ ಮುಖದಲ್ಲಿ ಅವರಿಗೆ ಕಂಡದ್ದು ಭಯ. ನಾನು ತೋರಿಸಲು ಹೋಗಿದ್ದು ಎಚ್ಚರಿಕೆ.

ಟ್ರ್ಯಾಕ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಇರುವ ಸ್ವಯಂಚಾಲಿತ ಟ್ರ್ಯಾಕ್ ಇದೆ. ಅಂಥದ್ದು ಜಿಲ್ಲೆಗೊಂದು ಬರಲಿ, ನನ್ನದೇನೂ ಅಡ್ಡಿಯಿಲ್ಲ. ಸೆನ್ಸರ್‌ಗೆ ನನ್ನ ವಯಸ್ಸು, ಸೀರೆ ಕಾಣುವುದಿಲ್ಲ, ಅದು ಮೇಕಪ್ ಮಾತು ಆಡುವುದಿಲ್ಲ. ಎಂಟು ಹಾಕಿದಾಗ, ಏರಿನಲ್ಲಿ ನಿಲ್ಲಿಸಿ ತೆಗೆದಾಗ, ಪಾರ್ಕಿಂಗ್ ಮಾಡಿದಾಗ ಗೆರೆ ಮುಟ್ಟಿತೋ ಇಲ್ಲವೋ ಅಂತ ಸರಿಯಾಗಿ ಹೇಳುತ್ತದೆ. ಆದರೆ ಅಲ್ಲಿ ಎಳನೀರಿನ ಗಾಡಿ ಅಡ್ಡ ಬರುವುದಿಲ್ಲ. ಮನುಷ್ಯರಿರುವ ರಸ್ತೆಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಲು ಇನ್ನೊಬ್ಬ ಮನುಷ್ಯ ಪಕ್ಕದಲ್ಲಿ ಕೂರಲೇಬೇಕು. ಅವರು ನೋಡಿದ್ದನ್ನು ಬರೆದಿಡಬೇಕು.

ನನ್ನ ಚಿಕ್ಕಪ್ಪನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳೂ ಫೇಲಾದವಳೇ. ಅಲ್ಲಿ ಟೆಸ್ಟ್ ಸುಮಾರು 40 ನಿಮಿಷ, ನಿಜವಾದ ಟ್ರಾಫಿಕ್ಕಿನಲ್ಲಿ. ಸಣ್ಣ ತಪ್ಪು 15ರ ತನಕ ಆದರೂ ಪಾಸ್. ಗಂಭೀರ ತಪ್ಪು ಅಥವಾ ಅಪಾಯದ ತಪ್ಪು ಒಂದು ಆದರೂ ಫೇಲ್. ಮುಗಿದ ಮೇಲೆ ಪರೀಕ್ಷಕರು ಕೂರಿಸಿಕೊಂಡು ಎಲ್ಲಿ ಏನಾಯಿತು ಅಂತ ಹೇಳುತ್ತಾರೆ. ತಪ್ಪುಗಳ ಪಟ್ಟಿ ಇಮೇಲಿಗೆ ಬರುತ್ತದೆ. ಪರೀಕ್ಷಕರು ನಿಯಮ ಪಾಲಿಸಲಿಲ್ಲ ಅನ್ನಿಸಿದರೆ ಕೋರ್ಟಿಗೆ ಹೋಗಬಹುದು. ಅವಳು ರೌಂಡ್‌ಅಬೌಟಿನಲ್ಲಿ ಬಲಗಡೆಯಿಂದ ಬಂದ ಕಾರಿಗೆ ದಾರಿ ಬಿಡಲಿಲ್ಲ, ಅದಕ್ಕೆ ಹೋಯಿತು. "ಬೇಜಾರಾಯ್ತು ಅಕ್ಕ, ಆದ್ರೆ ಅವರು ಹೇಳಿದ್ದು ಸರಿ" ಅಂದಳು. ಆ ಎರಡನೆಯ ಮಾತನ್ನು ನಮ್ಮ ಕಚೇರಿಯಿಂದ ಹೊರಗೆ ಬಂದ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಇಂಗ್ಲೆಂಡ್ ದೂರ ಅನ್ನುವುದಾದರೆ ಪಕ್ಕದ ಕೇರಳ ನೋಡಿ. 2024ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಟೆಸ್ಟ್ ಬಿಗಿ ಮಾಡಲು ಸುತ್ತೋಲೆ ಹೊರಡಿಸಿತು. ಟೆಸ್ಟ್ ಗಾಡಿಯಲ್ಲಿ ಡ್ಯಾಶ್‌ಬೋರ್ಡ್ ಕ್ಯಾಮೆರಾ ಇರಬೇಕು ಅನ್ನುವುದೂ ಅದರಲ್ಲಿತ್ತು. ಡ್ರೈವಿಂಗ್ ಸ್ಕೂಲಿನವರು ಪ್ರತಿಭಟನೆ ಮಾಡಿದರು, ವಿಷಯ ಹೈಕೋರ್ಟಿಗೂ ಹೋಯಿತು. ಆ ಸುತ್ತೋಲೆಯ ಸರಿತಪ್ಪು ಬೇರೆ ಮಾತು. ಕ್ಯಾಮೆರಾ ಇಡುವ ಯೋಚನೆ ಒಂದನ್ನು ಮಾತ್ರ ನಾವು ಎತ್ತಿಕೊಳ್ಳಬಹುದು. ಈಗ ಅದು ದೊಡ್ಡ ಖರ್ಚಿನ ವಸ್ತುವೂ ಅಲ್ಲ. ಇನ್‌ಸ್ಪೆಕ್ಟರಿಗೂ ಒಳ್ಳೆಯದು, ನನ್ನಂಥವರು ಸುಮ್ನೆ ಅಪವಾದ ಹೊರಿಸಿದರೆ ಅವರಿಗೂ ಸಾಕ್ಷಿ ಸಿಗುತ್ತದೆ.

ರಸ್ತೆಯಲ್ಲಿ ಜನ ಸಾಯುತ್ತಿರುವಾಗ ಟೆಸ್ಟ್ ಸುಲಭ ಮಾಡಿ ಅಂತ ಯಾರೂ ಕೇಳಬಾರದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ನನ್ನ ಮಾತು ಕೇಳಿದರೆ ಟೆಸ್ಟ್ ಇನ್ನೂ ಕಷ್ಟ ಆಗುತ್ತದೆ, ಇನ್ನೂ ಜಾಸ್ತಿ ಜನ ಫೇಲಾಗುತ್ತಾರೆ. ಬಹುಶಃ ನಾನೂ. ಫಸ್ಟ್ ಗೇರಿನಲ್ಲಿ ಹಂಪ್ ತನಕ ಹೋದ ಆ ಹುಡುಗ ಈಗ ಹೈವೇಯಲ್ಲಿ ಓಡಿಸುತ್ತಿರಬಹುದು. ಅವನ ಮನೆಯವರಿಗೂ ಆ ಪಾಸಿನಿಂದ ಅನ್ಯಾಯವೇ ಆಗಿದೆ.

ನನ್ನ ಕೋರಿಕೆಗಳು ಸಣ್ಣವು. ಒಂದು ಸುತ್ತೋಲೆಯಲ್ಲಿ ಮುಗಿಯುತ್ತವೆ. 15ನೇ ನಿಯಮದ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕಚೇರಿಯ ಗೋಡೆಗೆ, ಸಾಲು ನಿಲ್ಲುವ ಜಾಗದಲ್ಲಿ, ಅಂಟಿಸಿ. ಅದೇ ಪಟ್ಟಿಯನ್ನು ಇನ್‌ಸ್ಪೆಕ್ಟರ ಟ್ಯಾಬ್‌ನಲ್ಲಿ ಹಾಕಿ, ಫೇಲ್ ಒತ್ತುವ ಮೊದಲು ಯಾವ ಅಂಶದಲ್ಲಿ ಅಂತ ಗುರುತು ಮಾಡಲೇಬೇಕು ಅನ್ನುವ ಹಾಗೆ ಮಾಡಿ. ಮೆಸೇಜ್ ಹೇಗೂ ಹೋಗುತ್ತಿದೆ, ಅದರಲ್ಲೇ ಆ ಕಾರಣವೂ ಹೋಗಲಿ. ಕ್ಯಾಮೆರಾ ಇರಲಿ, ಮೇಲ್ಮನವಿಯ ಗಡುವು ಮುಗಿಯುವ ತನಕ ಅದರ ದೃಶ್ಯ ಅಳಿಸಬೇಡಿ. ಫೇಲ್ ಮಾಡಿದ್ದು ಸರಿಯಲ್ಲ ಅನ್ನುವವರಿಗೆ ಬೇರೆ ಇನ್‌ಸ್ಪೆಕ್ಟರ ಹತ್ತಿರ ಮರುಟೆಸ್ಟ್ ಕೊಡಿಸಿ. ಸ್ಕೂಲ್ ಕಾರಿನಲ್ಲಿ ಬಂದವರ ಟೆಸ್ಟ್ ಆಗುವಾಗ ಪಕ್ಕದ ಸೀಟಿನಲ್ಲಿ ಇನ್‌ಸ್ಪೆಕ್ಟರೇ ಕೂರಬೇಕು, ಮಾಸ್ಟರ ಕಾಲು ಆ ಇನ್ನೊಂದು ಕ್ಲಚ್ಚಿನ ಹತ್ತಿರ ಇರಬಾರದು. ಮತ್ತೆ, ಹೆಂಗಸರು ಕನ್ನಡಿ ಸರಿಮಾಡಿಕೊಂಡರೆ ಅದು ನಿಯಮದ ಮೊದಲ ಅಂಶ ಅಂತ ನಿಮ್ಮ ಸಿಬ್ಬಂದಿಗೆ ತಿಳಿಸಿ.

ಅಷ್ಟೆಲ್ಲ ಆಗಲು ಸಮಯ ಬೇಕು, ಗೊತ್ತು. ಅಲ್ಲಿಯ ತನಕ ಒಂದು ಕೆಲಸ ನಾಳೆಯೇ ಆಗಬಹುದು. ಬಿಳಿ ಹಾಳೆಯಲ್ಲಿ ಪೆನ್ನಿನಲ್ಲಿ ಎರಡು ಸಾಲು ಕಾರಣ, ಕೆಳಗೆ ಸಹಿ, ತಾರೀಖು, ಸೀಲು.

ನನ್ನ ಅರ್ಜಿ ಸಂಖ್ಯೆ ಮತ್ತು ಟೆಸ್ಟ್ ತಾರೀಖನ್ನು ಇಲ್ಲಿ ಹಾಕಿಲ್ಲ, ಕಚೇರಿಯ ಹೆಸರೂ ಬರೆದಿಲ್ಲ. ಒಂದು ಕಚೇರಿಯ ಮೇಲೆ ಎಲ್ಲರೂ ಮುಗಿಬಿದ್ದು ಉಳಿದವು ತಪ್ಪಿಸಿಕೊಳ್ಳುವುದು ನನಗೆ ಬೇಡ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಿಮ್ಮ ಕಚೇರಿಗೆ ಕಳಿಸಿರುವ ಪ್ರತಿಯಲ್ಲಿ ಎಲ್ಲ ವಿವರ ಇದೆ. ಉತ್ತರವನ್ನು ಕನ್ನಡದಲ್ಲಿ ಕೊಡಿಸಿ. ಶಾಲೆಯ ವಿಳಾಸಕ್ಕೆ ಬಂದರೆ ಬೇಗ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ